ಮುಂದಿನ ಸುತ್ತಿನವರೆಗೆ

ಜನವರಿ ೯

ಮಾನ್ಯ ಮಾರ್ಗದರ್ಶಕರಿಗೆ,

ನಮ್ಮ ಯೋಜನೆಗೆ ನಿಮ್ಮನ್ನು ಮಾರ್ಗದರ್ಶಕರಾಗಿ ನೇಮಿಸಿದ್ದಾರೆಂದು ಗುಣಮಟ್ಟ ಸಮಿತಿಯಿಂದ ಕಾಗದ ಬಂದಿದೆ. ಮೇ ತಿಂಗಳಲ್ಲಿ ತೀರ್ಪುಗಾರರನ್ನು ಕರೆದುಕೊಂಡು ನೀವೇ ನಮ್ಮ ವಾರ್ಡಿಗೆ ಬರುತ್ತೀರಂತೆ. ಬರುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ತಜ್ಞರು ಬರುತ್ತಾರೆಂದರೆ ನೆಲ ಹೊಳೆಯುತ್ತದೆ, ಬೀರುವಿನಿಂದ ಹೊಸ ಬೆಡ್‌ಶೀಟು ಹೊರಬರುತ್ತದೆ, ಎಲ್ಲರೂ ಸಾಲಾಗಿ ಫೋಟೊಕ್ಕೆ ನಿಲ್ಲುತ್ತಾರೆ. ಅವರು ಗೇಟು ದಾಟಿದ ಕೂಡಲೇ ಹಳೇ ಬೆಡ್‌ಶೀಟು ವಾಪಸ್ಸು ಬರುತ್ತದೆ. ನಾನು ಅರ್ಜಿ ಹಾಕಿದ್ದು ಅದಕ್ಕಲ್ಲ.

ನಾನು ಹೆಂಗಸರ ಶಸ್ತ್ರಚಿಕಿತ್ಸೆ ವಾರ್ಡಿನ ನರ್ಸು. ದೊಡ್ಡ ಪುಸ್ತಕ ಓದಿದವಳಲ್ಲ. ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರ, ಕಾರ್ಮಿಕ ಸಂಘದವರು ಮಾರುವ ತೆಳ್ಳನೆಯ ಹೊತ್ತಗೆ, ಇಷ್ಟೇ ನನ್ನ ವಿದ್ಯೆ. ಹಾಸಿಗೆಯಲ್ಲಿ ಮಲಗಿದವರು ಭಿಕ್ಷೆ ಕೇಳುತ್ತಿಲ್ಲ, ತಮ್ಮದನ್ನು ಕೇಳುತ್ತಿದ್ದಾರೆ ಎಂದು ನಾನು ಕಲಿತದ್ದು ಅಲ್ಲಿಂದಲೇ.

ನಮ್ಮಲ್ಲಿ ಪ್ರತಿ ಹಾಸಿಗೆಗೂ ಉದ್ದ ತಂತಿಯ ತುದಿಯಲ್ಲಿ ಒಂದು ಬೆಲ್ ಇದೆ. ಒತ್ತಿದರೆ ನಮ್ಮ ಮೇಜಿನ ಹತ್ತಿರದ ಹಲಗೆಯಲ್ಲಿ ದೀಪ ಹತ್ತಿ ಸದ್ದಾಗುತ್ತದೆ. ದಿನವಿಡೀ ಸದ್ದು. ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿದೆ. ನನ್ನ ಅಮ್ಮ ಇಂಥದೇ ಒಂದು ವಾರ್ಡಿನಲ್ಲಿ ಬೆಲ್ ಒತ್ತುತ್ತಲೇ ತೀರಿಕೊಂಡಳು. ನಾನು ಚಿಕ್ಕವಳು, ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಯಾರೂ ಬರಲಿಲ್ಲ.

ನನ್ನ ಯೋಜನೆ ಸರಳ. ಅವರು ಕರೆಯುವ ಮೊದಲೇ ನಾವು ಹೋಗುವುದು. ತಾಸಿಗೊಮ್ಮೆ ಒಬ್ಬ ನರ್ಸು ಪ್ರತಿ ಹಾಸಿಗೆಯ ಪಕ್ಕ ನಿಂತು, ನೋವಿದೆಯಾ, ನೀರು ಬೇಕಾ, ಮಗ್ಗುಲು ಬದಲಿಸಲಾ ಎಂದು ಕೇಳುವುದು. ಇದಕ್ಕೆ ‘ಸುತ್ತು’ ಎಂದು ಹೆಸರಿಟ್ಟಿದ್ದೇವೆ. ಇದು ಕೆಲಸಕ್ಕೆ ಬರುತ್ತದೋ ಇಲ್ಲವೋ, ಸುತ್ತಿ ಬಳಸದೆ ಹೇಳಿ.

ಇತಿ,
ಶಸ್ತ್ರಚಿಕಿತ್ಸೆ ವಾರ್ಡಿನ ನರ್ಸು


ಜನವರಿ ೨೧

ಪ್ರಿಯ ನರ್ಸಮ್ಮನವರಿಗೆ,

ನಿಮ್ಮ ಕಾಗದ ಓದಿ ಸ್ವಲ್ಪ ಹೆದರಿಕೆಯೇ ಆಯಿತು. ಧೈರ್ಯಕ್ಕೆಂದು ನಿಮ್ಮ ಹೆಡ್ ನರ್ಸಿಗೆ ಫೋನು ಮಾಡಿದೆ. “ಓ, ಅವಳಾ? ಇಲ್ಲಿ ಅವಳನ್ನ ಕರಪತ್ರ ಅಂತಾನೇ ಕರೆಯೋದು ಸಾರ್. ಬಾಯಿ ಜೋರು, ಆದ್ರೆ ಸೂಜಿ ಚುಚ್ಚಿದ್ರೆ ಗೊತ್ತೇ ಆಗಲ್ಲ,” ಎಂದರು. ಹಾಗಿದ್ದರೆ ಬಾಯಿ ಎಷ್ಟು ಜೋರಾದರೂ ನನ್ನ ಅಭ್ಯಂತರವಿಲ್ಲ. ಇಲ್ಲಿಂದ ನಿಮ್ಮೂರಿಗೆ ಎರಡು ರೈಲು ಬದಲಿಸಬೇಕು. ಮೇ ತಿಂಗಳವರೆಗೆ ಕಾಗದದಲ್ಲೇ ಜಗಳವಾಡೋಣ.

ನಿಮ್ಮ ಯೋಜನೆ ಕೆಲಸಕ್ಕೆ ಬರುತ್ತದೆ. ಆದರೆ ನಾಳೆಯೇ ಶುರು ಮಾಡಬೇಡಿ. ಮೊದಲು ದಿನಕ್ಕೆ ಎಷ್ಟು ಸಲ ಬೆಲ್ ಆಗುತ್ತದೆ ಎಂದು ಸುಮ್ಮನೆ ಎಣಿಸಿ, ನಕ್ಷೆಯ ಹಾಳೆಯಲ್ಲಿ ದಿನಕ್ಕೊಂದು ಚುಕ್ಕೆ ಇಡಿ, ಚುಕ್ಕೆಗಳನ್ನು ಗೆರೆಯಿಂದ ಸೇರಿಸಿ. ಆಮೇಲೆ ಸುತ್ತು ಶುರುವಾಗಲಿ. ಗೆರೆ ಇಳಿದರೆ ನೀವು ಗೆದ್ದಿರಿ. ವೈದ್ಯನಾಗಿ ಮೂವತ್ತು ವರ್ಷ, ಗುಣಮಟ್ಟದ ತಜ್ಞನಾಗಿ ಹತ್ತು ವರ್ಷ ಕಳೆದ ಮೇಲೆ ನಾನು ನಂಬುವುದು ಗೆರೆಯನ್ನು ಮಾತ್ರ. ಭಾಷಣ ಕೇಳಿಸಿಕೊಳ್ಳುವ ವಯಸ್ಸು ದಾಟಿತು.

ನಕ್ಷೆಯನ್ನು ಸಾಮಾನ್ಯವಾಗಿ ಸಿಬ್ಬಂದಿಯ ಕೋಣೆಯಲ್ಲಿ ತೂಗುಹಾಕುತ್ತಾರೆ.

ನಿಮ್ಮ ಮಾರ್ಗದರ್ಶಕ


ಮಾರ್ಚ್ ೧೨

ಮಾನ್ಯರೇ,

ಎಣಿಸಿದೆವು, ಶುರು ಮಾಡಿದೆವು, ಗೆರೆ ಇಳಿಯುತ್ತಿದೆ. ಒಂದು ವಿಷಯದಲ್ಲಿ ಮಾತ್ರ ನಿಮ್ಮ ಮಾತು ಕೇಳಲಿಲ್ಲ. ನಕ್ಷೆಯನ್ನು ಸಿಬ್ಬಂದಿಯ ಕೋಣೆಯಲ್ಲಿ ಹಾಕಲಿಲ್ಲ. ರೋಗಿಯ ಬಗ್ಗೆ ಇರುವ ಯಾವುದನ್ನೂ ರೋಗಿಯಿಂದ ಮುಚ್ಚಿಡಬಾರದು. ಇದರಲ್ಲಿ ನಾನು ರಾಜಿಯಾಗುವವಳಲ್ಲ. ಹಾಸಿಗೆಗಳ ಎದುರಿನ ಗೋಡೆಗೆ, ಮಲಗಿದವರ ಕಣ್ಣಿಗೆ ನೇರವಾಗಿ ಬೀಳುವಂತೆ, ಬಾಗಿಲಗಲದ ನಕ್ಷೆ ಅಂಟಿಸಿದ್ದೇನೆ. ಪ್ರತಿದಿನ ಬೆಳಿಗ್ಗೆ ಸ್ಟೂಲು ಹತ್ತಿ ಎಲ್ಲರೆದುರಿಗೇ ಕೆಂಪು ಚುಕ್ಕೆ ಇಡುತ್ತೇನೆ.

“ಪರೀಕ್ಷೆ ಬರೆದಿರೋದು ನೀನು, ರಿಸಲ್ಟ್ ಅಂಟಿಸಿರೋದು ಅವರ ಮುಖದ ಮುಂದೆ,” ಎಂದು ಹೆಡ್ ನರ್ಸ್ ಅಕ್ಕ ನಕ್ಕರು. ಆದರೆ ನೀವು ಇಲ್ಲಿರಬೇಕಿತ್ತು. ಚುಕ್ಕೆ ಕೆಳಗಿಳಿದ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಸೊಂಟದ ಮೂಳೆ ಮುರಿದ ಒಬ್ಬ ಅಜ್ಜಿ ಇದ್ದಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. “ಜೀವಮಾನ ಪೂರ್ತಿ ಬೆಲ್ಲಿಗೆ ಓಗೊಟ್ಟಿದೀನಿ ಕಣೇ. ಆ ಸದ್ದು ತಲೆ ಒಳಗೆ ಹೋಗಿ ಹೇಗೆ ಕೂತ್ಕೊಳ್ಳುತ್ತೆ ಅಂತ ನನಗೊತ್ತು. ನಿನ್ನ ಗೆರೆನ ನೆಲ ಮುಟ್ಟಿಸ್ತೀವಿ ನೋಡ್ತಿರು,” ಎನ್ನುತ್ತಾರೆ. ಅವರ ಮೂಳೆ ಕೂಡುತ್ತಿಲ್ಲ, ಎರಡನೇ ಸಲ ಆಪರೇಷನ್ ಆಗಬೇಕು. ಆದರೂ ವಾರ್ಡಿಗೆ ನಾಯಕಿ ಅವರೇ.

ಇಷ್ಟು ದಿನ ನಾವು ರೋಗಿಗಳಿಗಾಗಿ ಹೋರಾಡುತ್ತಿದ್ದೆವು. ಈಗ ಅವರೂ ನಮ್ಮ ಜೊತೆ ಹೋರಾಡುತ್ತಿದ್ದಾರೆ. ಇದನ್ನು ನಿಮ್ಮ ಸಮಿತಿಯವರು ಎಲ್ಲಾದರೂ ನೋಡಿದ್ದಾರೆಯೇ?

ಕರಪತ್ರ


ಮೇ ೨೬

ಪ್ರೀತಿಯ ಕರಪತ್ರ,

ಬಹುಮಾನದ ಸುದ್ದಿ ನಿಮ್ಮ ಸೂಪರಿಂಟೆಂಡೆಂಟರಿಂದ ಆಗಲೇ ತಿಳಿದಿರಬೇಕು. ಮೊದಲ ಸ್ಥಾನ, ಒಮ್ಮತದ ತೀರ್ಪು. ಉಳಿದದ್ದನ್ನು ನಾನು ಹೇಳುತ್ತೇನೆ.

ನಿಮ್ಮ ವಾರ್ಡಿಗೆ ಕಾಲಿಟ್ಟಾಗ ನಾವೆಲ್ಲ ಪಿಸುಮಾತಿಗೆ ಇಳಿದಿದ್ದೆವು, ಗಮನಿಸಿದಿರಾ? ಯಾವ ಆಸ್ಪತ್ರೆಯಲ್ಲೂ ಅಂಥ ನಿಶ್ಶಬ್ದ ನಾನು ಕೇಳಿಲ್ಲ. ನಮ್ಮ ತಂಡದಲ್ಲಿ ದಪ್ಪ ಕನ್ನಡಕದ ಸರ್ಜನ್ ಒಬ್ಬರಿದ್ದರಲ್ಲ, ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ಅವರು ಬೆಲ್‌ಗಳು ಕೆಟ್ಟಿರಬಹುದೆಂದು ಒಂದೊಂದನ್ನೂ ತಾವೇ ಒತ್ತಿ ನೋಡಿದರು. ಎಲ್ಲವೂ ಸರಿಯಾಗಿದ್ದವು. ಕೊನೆಗೆ ಕಿಟಕಿ ಪಕ್ಕದ ಅಜ್ಜಿಯನ್ನು, “ನೀವು ಬೆಲ್ ಒತ್ತೋದೇ ಇಲ್ವಾ ತಾಯಿ?” ಎಂದು ಕೇಳಿದರು. ಅಜ್ಜಿ ಏನೆಂದರು ಗೊತ್ತೇ? “ಸುತ್ತಿಗೆ ಬರ್ತಾಳಲ್ಲ. ಪಾಪ, ಆ ಹುಡುಗೀನ ಯಾಕೆ ಓಡಿಸೋದು?”

ಸರ್ಜನ್ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಆ ಮಾತನ್ನು ಹಾಗೇ ಬರೆದುಕೊಂಡೆ. ರೋಗಿ ಮತ್ತು ಸಿಬ್ಬಂದಿಯ ನಡುವೆ ಇಂಥ ನಂಬಿಕೆ ಹುಟ್ಟಿಸುವುದು ಹೇಗೆಂದು ನಾವು ವರ್ಷಗಟ್ಟಲೆ ಸಭೆ ಮಾಡಿದ್ದೇವೆ. ಈಗ ನಿಮ್ಮ ಯೋಜನೆಯನ್ನು ಎಲ್ಲ ಆಸ್ಪತ್ರೆಗಳಿಗೂ ಹಬ್ಬಿಸುವ ಕೈಪಿಡಿ ಸಿದ್ಧವಾಗುತ್ತಿದೆ. ಬರೆಯುತ್ತಿರುವವನು ನಾನೇ. ಮೊದಲ ಪುಟದಲ್ಲಿ ಅಜ್ಜಿಯ ಮಾತೇ ಇರುತ್ತದೆ. ನಕ್ಷೆ ರೋಗಿಗಳ ಎದುರಿಗಿರಬೇಕು ಎಂಬ ನಿಮ್ಮ ಹಟವನ್ನೂ ನಿಯಮವನ್ನಾಗಿ ಸೇರಿಸಿದ್ದೇನೆ.

ಸ್ಟಾಪ್‌ವಾಚ್ ಹಿಡಿದು ನಿಮ್ಮ ಸುತ್ತುಗಳನ್ನು ಅಳೆದದ್ದಕ್ಕೆ ನನಗೆ ನಿಮ್ಮ ವಾರ್ಡಿನಲ್ಲಿ ‘ಸ್ಟಾಪ್‌ವಾಚ್ ತಾತ’ ಎಂದು ಹೆಸರಿಟ್ಟಿರುವುದು ತಿಳಿಯಿತು. ಒಪ್ಪಿಗೆಯಿದೆ.

ಸ್ಟಾಪ್‌ವಾಚ್ ತಾತ


ಜೂನ್ ೧೫

ತಾತನವರಿಗೆ,

ನೀವು ಕಳಿಸಿದ ಫೋಟೊ ತಲುಪಿತು. ಎಲ್ಲರೂ ಚೆನ್ನಾಗಿ ಬಂದಿದ್ದಾರೆ. ಸೂಪರಿಂಟೆಂಡೆಂಟರು ಬಹುಮಾನದ ಫಲಕವನ್ನು ಮುಖ್ಯದ್ವಾರದಲ್ಲಿ ಹಾಕಿಸಿದ್ದಾರೆ.

ಕಿಟಕಿ ಅಜ್ಜಿ ಹೋದರು. ಎರಡನೇ ಆಪರೇಷನ್ ಚೆನ್ನಾಗಿಯೇ ಆಗಿತ್ತು.

ಒಂದು ಪ್ರಶ್ನೆ. ಬೆಲ್ ಎಷ್ಟು ಸಲ ಆಯಿತು ಎಂದು ಎಣಿಸುವುದನ್ನು ನೀವು ಕಲಿಸಿದಿರಿ. ಆಗಬೇಕಿದ್ದು ಆಗದೇ ಉಳಿದ ಬೆಲ್ಲನ್ನು ಎಣಿಸುವುದು ಹೇಗೆ?

ನರ್ಸು


ಜೂನ್ ೨೮

ಪ್ರೀತಿಯ ಕರಪತ್ರ,

ಅಜ್ಜಿಯ ಸುದ್ದಿ ತಿಳಿದು ಬೇಸರವಾಯಿತು. ಹಚ್ಚಿಕೊಂಡ ರೋಗಿ ಹೋದಾಗ ಮನೆಯವರು ಹೋದಷ್ಟೇ ಸಂಕಟ. ನನಗೂ ಆಗಿದೆ. ಒಂದಿಷ್ಟು ದಿನ ರಜೆ ತೆಗೆದುಕೊಳ್ಳಿ. ಕೈಪಿಡಿಯ ಮೊದಲ ಪುಟದಲ್ಲಿ ಅವರು ಇದ್ದೇ ಇರುತ್ತಾರಲ್ಲ.

ನಿಮ್ಮ ಪ್ರಶ್ನೆ ಓದಿ ಮುಗುಳ್ನಕ್ಕೆ. ಆಗದೇ ಉಳಿದ ಬೆಲ್ಲೇ ನಮ್ಮ ಗೆಲುವು ತಾನೇ? ಅದನ್ನು ಎಣಿಸುವುದೇ ಆ ಇಳಿಯುವ ಗೆರೆ.

ತಾತ


ಜುಲೈ ೧೯

ತಾತ,

ನಿಮಗೆ ಅರ್ಥವಾಗಲಿಲ್ಲ. ತಪ್ಪು ನನ್ನದೇ, ಹೇಳಬೇಕಾದ್ದನ್ನು ಹೇಳಲಿಲ್ಲ. ಈಗ ಹೇಳುತ್ತೇನೆ.

ಅವತ್ತು ಮಧ್ಯಾಹ್ನದ ಸುತ್ತು ನನ್ನದೇ. ಅಜ್ಜಿಗೆ ನೀರು ಕುಡಿಸಿದೆ, ದಿಂಬು ಸರಿಮಾಡಿದೆ. “ಚುಕ್ಕೆ ಇವತ್ತು ಎಲ್ಲಿಗೆ ಬಂತೇ?” ಎಂದು ಕೇಳಿದರು. ಮುಂದಿನ ಸುತ್ತಿಗೆ ಹೋದಾಗ ಅವರ ಮುಖ ನಕ್ಷೆಯ ಕಡೆಗಿತ್ತು. ಮೈ ತಣ್ಣಗಾಗಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರು. ಉಸಿರು ಸಿಗದೆ ಒದ್ದಾಡಿದ್ದಾರೆ, ಹೊದಿಕೆಯೆಲ್ಲ ನೆಲದ ಮೇಲಿತ್ತು. ಬೆಲ್ ಅವರ ಬಲಗೈಯಲ್ಲಿತ್ತು. ಬಿಗಿಯಾಗಿ ಹಿಡಿದಿದ್ದರು. ಹೆಬ್ಬೆರಳು ಗುಂಡಿಯ ಮೇಲಿರಲಿಲ್ಲ, ಪಕ್ಕದಲ್ಲಿತ್ತು. ಬೆರಳು ಬಿಡಿಸಿದವಳು ನಾನು. ಪಕ್ಕದ ಹಾಸಿಗೆಯಾಕೆ, “ಒತ್ತಿ ಅಂತ ಹೇಳ್ದೆ ಕಣಮ್ಮ. ಇರಲಿ, ಸುತ್ತಿಗೆ ಬರ್ತಾಳೆ ಅಂದ್ರು,” ಎಂದು ಅಳುತ್ತಿದ್ದಳು. ನೀನು ಒತ್ತಬಹುದಿತ್ತಲ್ಲ ಎಂದು ಕೇಳಲು ಬಾಯಿ ತೆರೆದೆ. ಅವಳೂ ನಕ್ಷೆ ನೋಡುತ್ತಿದ್ದಳು.

ಇಷ್ಟೇ ಆಗಿದ್ದರೆ ನಿಮ್ಮನ್ನು ಕಾಡುತ್ತಿರಲಿಲ್ಲ. ಅಜ್ಜಿಯ ಕಾಲದವರೆಲ್ಲ ಈಗ ಮನೆಗೆ ಹೋಗಿದ್ದಾರೆ. ವಾರ್ಡಿನಲ್ಲಿ ಅವರನ್ನು ಕಂಡವರು ಒಬ್ಬರೂ ಉಳಿದಿಲ್ಲ. ಹೋದ ವಾರ ಕಿಟಕಿ ಹಾಸಿಗೆಗೆ ಪಿತ್ತಕೋಶದ ಆಪರೇಷನ್ ಆದ ಒಬ್ಬ ಟೀಚರ್ ಬಂದರು. ಸುತ್ತಿಗೆ ಹೋದರೆ ನೋವಿಗೆ ತುಟಿ ಕಚ್ಚಿ ರಕ್ತ ಬಂದಿದೆ. ಯಾಕೆ ಬೆಲ್ ಒತ್ತಲಿಲ್ಲ ಎಂದು ಗದರಿದೆ. “ಸುತ್ತಿಗೆ ಬರ್ತೀರಲ್ಲ. ಪಾಪ, ಹುಡುಗೀನ ಯಾಕೆ ಓಡಿಸೋದು,” ಎಂದರು. ಯಾರು ಹೇಳಿದ್ದು ಎಂದು ಕೇಳಿದೆ. ಈ ಹಾಸಿಗೆ ಬಿಟ್ಟುಹೋದವರು ಹೇಳಿದರಂತೆ. ಅವರಿಗೆ ಹೇಳಿದ್ದು ಅವರಿಗಿಂತ ಮೊದಲಿದ್ದವರು. ಹೋಗುವವರು ಬರುವವರ ಕಿವಿಯಲ್ಲಿ ಹೇಳಿ ಹೋಗುತ್ತಿದ್ದಾರೆ, ತಾತ. ಅದೇ ಮಾತು, ಅದೇ ‘ಪಾಪ’, ಅಜ್ಜಿಯ ಹಾಗೆ ಅಲ್ಲೇ ಸ್ವಲ್ಪ ಎಳೆದು.

ನಕ್ಷೆ ಕಿತ್ತುಹಾಕಿದೆ. ಅದಿದ್ದ ಜಾಗದಲ್ಲಿ ಗೋಡೆಯ ಬಣ್ಣ ತಿಳಿಯಾಗಿದೆ. ಈಗ ಎಲ್ಲರೂ ಆ ಬಿಳಿ ಚೌಕವನ್ನೇ ನೋಡುತ್ತಾ ಮಲಗಿರುತ್ತಾರೆ.

ನಮ್ಮ ಬಹುಮಾನ ವಾಪಸ್ಸು ತೆಗೆದುಕೊಳ್ಳಿ. ಕೈಪಿಡಿ ನಿಲ್ಲಿಸಿ.

ನರ್ಸು


ಆಗಸ್ಟ್ ೧೦

ಮಾನ್ಯ ನರ್ಸ್ ಅವರಿಗೆ,

ನಿಮ್ಮ ಪತ್ರವನ್ನು ಸಮಿತಿಯ ಗಮನಕ್ಕೆ ತಂದಿದ್ದೇನೆ. ಸಮಿತಿಯು ವಿಷಾದ ವ್ಯಕ್ತಪಡಿಸಿದೆ. ಒಂದು ದುರ್ಘಟನೆಯಿಂದ ಯೋಜನೆಯ ಒಟ್ಟಾರೆ ಫಲಿತಾಂಶವನ್ನು ಅಳೆಯಲಾಗದು ಎಂಬುದು ಸದಸ್ಯರ ಅಭಿಪ್ರಾಯ. ಅಂಥ ರಕ್ತದ ಹೆಪ್ಪು ಬೆಲ್ ಒತ್ತಿದ್ದರೂ ಮಾರಕವಾಗಬಹುದಿತ್ತು. ನಿಮ್ಮ ವಾರ್ಡಿನ ಸಾವಿನ ಪ್ರಮಾಣ ಹೆಚ್ಚಿಲ್ಲ. ಕೈಪಿಡಿ ಅಚ್ಚಾಗಿ ಹನ್ನೆರಡು ಆಸ್ಪತ್ರೆಗಳಿಗೆ ತಲುಪಿದೆ. ಒಂದು ಪ್ರತಿಯನ್ನು ಇದರೊಂದಿಗೆ ಕಳಿಸಿದ್ದೇನೆ.

ವಿಶ್ವಾಸಿ,
ಮಾರ್ಗದರ್ಶಕರು


ಆಗಸ್ಟ್ ೧೬

ಮಾರ್ಗದರ್ಶಕರಿಗೆ,

ಕೈಪಿಡಿ ವಾಪಸ್ಸು ಕಳಿಸುತ್ತಿದ್ದೇನೆ. ನನ್ನ ಅಮ್ಮ ಒತ್ತಿದಳು, ಯಾರೂ ಕೇಳಲಿಲ್ಲ. ಅಜ್ಜಿಗೆ ಒತ್ತಲು ಮನಸ್ಸೇ ಬಾರದಂತೆ ನಾನು ಮಾಡಿದೆ, ನೀವು ಅದಕ್ಕೆ ಬಹುಮಾನ ಕೊಟ್ಟಿರಿ. ಎರಡರಲ್ಲಿ ಯಾವುದು ಸುಧಾರಣೆ ಎಂದು ನಿಮ್ಮ ಸಮಿತಿ ತೀರ್ಪು ಕೊಡಲಿ. ‘ಒತ್ತಿದ್ದರೂ ಮಾರಕವಾಗಬಹುದಿತ್ತು’ ಎಂದು ಬರೆದ ಕೈ ನಿಮ್ಮದೇ ಎಂದು ನಂಬಲು ಆಗುತ್ತಿಲ್ಲ.

ಇನ್ನು ಬರೆಯುವುದಿಲ್ಲ.


ಡಿಸೆಂಬರ್ ೫

ಪ್ರೀತಿಯ ಕರಪತ್ರ,

ನೀವು ಬರೆಯುವುದಿಲ್ಲ ಎಂದಿರಿ. ನಾನು ಬರೆಯಬಾರದು ಎಂದು ಹೇಳಲಿಲ್ಲ. ಅದನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ, ಕೈಪಿಡಿ ತಲುಪಿದ ಒಂದು ಆಸ್ಪತ್ರೆಗೆ ಪರಿಶೀಲನೆಗೆ ಹೋಗಿದ್ದೆ. ಗಂಡಸರ ವಾರ್ಡು. ಒಳಗೆ ಕಾಲಿಟ್ಟ ಕೂಡಲೇ ಆ ನಿಶ್ಶಬ್ದದ ಗುರುತು ಹತ್ತಿತು. ಒಬ್ಬ ಬಡಗಿ, ಗಟ್ಟಿಮುಟ್ಟಾದ ಆಳು, ಒದ್ದೆಯಾದ ಹಾಸಿಗೆಯಲ್ಲಿ ನಡುಗುತ್ತಾ ಮಲಗಿದ್ದ. ಬೆಲ್ ಅವನ ಎದೆಯ ಮೇಲಿತ್ತು. ಕೇಳಿದ್ದಕ್ಕೆ ನಕ್ಕು, “ಸುತ್ತಿಗೆ ಬರ್ತಾಳಲ್ಲ ಸಾರ್. ಪಾಪ, ಆ ಹುಡುಗೀನ ಯಾಕೆ ಓಡಿಸೋದು,” ಎಂದ. ಅವನಿಗೆ ಓದಲು ಬರುವುದಿಲ್ಲ. ಕೈಪಿಡಿ ಅವನ ಕೈಗೆ ಸಿಕ್ಕಿರಲು ಸಾಧ್ಯವಿಲ್ಲ. ‘ಪಾಪ’ವನ್ನು ಅವನೂ ಎಳೆದ.

ವರದಿಯಲ್ಲಿ ‘ಉತ್ತಮ’ ಎಂದು ಬರೆದು ಬಂದೆ. ಮೂರು ತಿಂಗಳಿಂದ ಆ ಪದ ನನ್ನ ಜೊತೆ ಊಟಕ್ಕೆ ಕೂರುತ್ತಿದೆ. ಹೋದ ವಾರದ ಸಭೆಯಲ್ಲಿ ಕೊನೆಗೂ ಎದ್ದುನಿಂತು ಎಲ್ಲ ಹೇಳಿದೆ. ದಪ್ಪ ಕನ್ನಡಕದ ಸರ್ಜನ್ ಬಹಳ ಮೃದುವಾಗಿ, “ನಿಮಗೆ ಆರಾಮ ಬೇಕು ಸಾರ್,” ಎಂದರು. ಅದೂ ನಿಜವೇ. ಮೂತ್ರಕೋಶದ ಒಂದು ಆಪರೇಷನ್ ಮಾಡಿಸಿಕೊಳ್ಳಬೇಕಾಗಿದೆ. ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲದ ಕಾರಣ ಮುಂದೂಡುತ್ತಾ ಬಂದಿದ್ದೆ.

ಕ್ಷಮಿಸಿ ಎಂದು ಕೇಳುತ್ತಿಲ್ಲ. ನಿಮ್ಮ ವಾರ್ಡಿನಲ್ಲಿ ಈಗ ಹೇಗಿದೆ?

ತಾತ


ಡಿಸೆಂಬರ್ ೧೮

ತಾತ,

ನಮ್ಮ ವಾರ್ಡಿನಲ್ಲಿ ಈಗ ಸಂತೆಯ ಗದ್ದಲ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಕಿಟಕಿ ಹಾಸಿಗೆ ಖಾಲಿಯಾಗಿತ್ತು. ಯೂನಿಫಾರ್ಮಿನಲ್ಲೇ ಹೋಗಿ ಮಲಗಿ ಬೆಲ್ ಒತ್ತಿದೆ. ಹೆಡ್ ನರ್ಸ್ ಅಕ್ಕ ಓಡಿಬಂದರು. “ಏನೇ ಇದು? ಎದ್ದೇಳೇ, ಅದು ರೋಗಿಗಳ ಬೆಡ್ಡು.”

“ನೀರು ಬೇಕು ಅಕ್ಕ.”

“ಕೈಕಾಲು ಗಟ್ಟಿ ಇಲ್ವಾ ನಿಂಗೆ?”

ಅವರು ಹೋದರು, ನಾನು ಮತ್ತೆ ಒತ್ತಿದೆ. ಬೈಯುತ್ತಾ ಬಂದರು. ಬೆನ್ನು ಕೆರೀತಿದೆ ಎಂದೆ. ಮೂರನೇ ಸಲಕ್ಕೆ ಅವರಿಗೆ ಗೊತ್ತಾಯಿತು. ಬಂದು ನನ್ನ ಹಣೆ ಮುಟ್ಟಿ ನೋಡಿ ಹೋದರು. ಆಮೇಲೆ ನಾನು ಒತ್ತಿದಾಗಲೆಲ್ಲ ಬಂದರು. ರೋಗಿಗಳು ಮೊದಲು ನಕ್ಕರು, ಆಮೇಲೆ ತಮ್ಮ ತಮ್ಮ ಬೆಲ್ಲಿನ ಕಡೆ ನೋಡಿಕೊಂಡರು. ಮೂಲೆಯ ಹಾಸಿಗೆಯ, ಸಿಸೇರಿಯನ್ ಆದ ಬಾಣಂತಿ ಬೆಲ್ ಒತ್ತಿ, ಅಕ್ಕ ಹೋಗಿ ನಿಂತರೆ, “ಏನಿಲ್ಲ, ಬರ್ತೀರಾ ಅಂತ ನೋಡ್ದೆ,” ಎಂದು ನಾಚಿಕೊಂಡಳು. ಅಕ್ಕ ಅವಳ ತಲೆ ಸವರಿ, “ಬರ್ತೀನಿ ಕಣಮ್ಮ, ಓಡೋದಕ್ಕೇ ನನಗೆ ಸಂಬಳ,” ಎಂದರು. ಅವತ್ತಿನಿಂದ ಶುರುವಾಯಿತು.

ಸೂಪರಿಂಟೆಂಡೆಂಟರು ಬಹುಮಾನ ಬಂದ ವಾರ್ಡನ್ನು ಹಾಳುಮಾಡಿದೆ ಎಂದು ನನ್ನನ್ನು ಬಟ್ಟೆ ಕೋಣೆಗೆ ಹಾಕಿದ್ದಾರೆ. ದಿನವಿಡೀ ಬೆಡ್‌ಶೀಟು ಮಡಚುತ್ತೇನೆ. ಗೋಡೆಯಾಚೆಯೇ ನಮ್ಮ ವಾರ್ಡು. ಬೆಲ್ ಆಗುತ್ತಿದ್ದರೆ ಕೈ ಸಲೀಸಾಗಿ ಓಡುತ್ತದೆ. ಸದ್ದು ತುಸು ಹೊತ್ತು ನಿಂತರೂ ಮಡಚುವುದನ್ನು ಬಿಟ್ಟು ಏಳುತ್ತೇನೆ. ಎರಡು ಬೆಡ್‌ಶೀಟು ಕೈಯಲ್ಲಿ ಹಿಡಿದು ಏನೋ ನೆಪ ಹೇಳಿ ಒಳಗೆ ಹೋಗಿ, ಕಿಟಕಿ ಹಾಸಿಗೆಯವರ ಹೆಬ್ಬೆರಳು ಎಲ್ಲಿದೆ ಎಂದು ನೋಡಿ ಬರುತ್ತೇನೆ.

ನಿಮ್ಮ ಆಪರೇಷನ್ ಎಲ್ಲಿ, ಯಾವಾಗ? ಬರೆಯಿರಿ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೂ ಬರೆಯಿರಿ.

ಕರಪತ್ರ


ಫೆಬ್ರವರಿ ೩

ಪ್ರೀತಿಯ ಕರಪತ್ರ,

ಅಕ್ಷರ ಸೊಟ್ಟಗಿದ್ದರೆ ಬೇಸರಿಸಬೇಡಿ, ಮಲಗಿಕೊಂಡು ಬರೆಯುತ್ತಿದ್ದೇನೆ. ಆಪರೇಷನ್ ಆಯಿತು. ಆ ಬಡಗಿಯಿದ್ದ ವಾರ್ಡಿನಲ್ಲೇ ಇದ್ದೇನೆ. ನನ್ನ ಕೈಪಿಡಿಯ ವಾರ್ಡಿನಲ್ಲಿ ನಾನೇ ಮಲಗಿ ನೋಡಬೇಕು, ಎಲ್ಲರಿಗೂ ಕೇಳುವಂತೆ ಬೆಲ್ ಒತ್ತಬೇಕು ಎಂದು ಹಟ ಮಾಡಿಯೇ ಇಲ್ಲಿಗೆ ಸೇರಿಕೊಂಡೆ.

ನಕ್ಷೆ ಎದುರಿಗಿದೆ. ಬೆಳಿಗ್ಗೆ ಒಂದು ಹುಡುಗಿ ಸ್ಟೂಲು ಹತ್ತಿ ಚುಕ್ಕೆ ಇಟ್ಟಳು. ಇಳಿದು, ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ನೋಡಿಕೊಂಡಳು. ನಿಮ್ಮ ಹಾಗೆಯೇ.

ನಿನ್ನೆ ಮಧ್ಯಾಹ್ನ ನನ್ನ ಮೂತ್ರದ ನಳಿಗೆ ಕಟ್ಟಿಕೊಂಡಿತು. ಅದು ಕಟ್ಟಿದರೆ ಏನಾಗುತ್ತದೆಂದು ನಾನು ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು. ಬೆಲ್ ಕೈಗೆತ್ತಿಕೊಂಡೆ. ನಿಮ್ಮ ಕಾಗದಗಳೆಲ್ಲ ನೆನಪಿದ್ದವು, ಅಜ್ಜಿಯ ಬೆರಳೂ ನೆನಪಿತ್ತು. ಆದರೂ ಒತ್ತಲಾಗಲಿಲ್ಲ. ಬೆಳಿಗ್ಗೆ ಆ ಹುಡುಗಿ ನಕ್ಕಿದ್ದಳು. ನನ್ನಿಂದ ಅವಳ ಗೆರೆ ಏರುವುದು ಬೇಡ ಎನ್ನಿಸಿತು. ಅದು ಭಯವಲ್ಲ, ಸಂಕೋಚವೂ ಅಲ್ಲ. ಪ್ರೀತಿಯಂಥದ್ದೇ ಏನೋ ಬಂದು ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿತು. ಸುತ್ತಿಗೆ ಬಂದವಳು ನಳಿಗೆ ಸರಿಮಾಡಿದಳು. “ಬೆಲ್ ಒತ್ತಬಾರದಾ ತಾತ?” ಎಂದಳು.

ಸಂಜೆ ಪಕ್ಕದ ಹಾಸಿಗೆಗೆ ಒಬ್ಬ ಲಾರಿ ಡ್ರೈವರ್ ಬಂದ. ತಂತಿ ಎತ್ತಿ ತೋರಿಸಿ, “ಇದನ್ನ ಯಾವಾಗ ಒತ್ತೋದು ತಾತ?” ಎಂದು ಕೇಳಿದ. ಬೇಕಾದಾಗಲೆಲ್ಲ ಒತ್ತು ಎನ್ನಲು ಬಾಯಿ ತೆರೆದೆ.

“ಸುತ್ತಿಗೆ ಬರ್ತಾಳಲ್ಲಪ್ಪ. ಪಾಪ, ಆ ಹುಡುಗೀನ ಯಾಕೆ ಓಡಿಸೋದು.”

ಹೇಳಿ ಮುಗಿದ ಮೇಲೆ ನನಗೇ ಕೇಳಿಸಿತು. ದನಿ ನನ್ನದಾಗಿರಲಿಲ್ಲ.

ಈಗ ಮತ್ತೆ ಹೊಟ್ಟೆ ಬಿಗಿಯುತ್ತಿದೆ, ಬೆನ್ನಿಗೆ ಚಳಿ ಹತ್ತುತ್ತಿದೆ. ಸುತ್ತಿಗೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ನಿಮಗೆ ಕಾಗದ ಬರೆದು ಮುಗಿಸೋಣವೆಂದುಕೊಂಡೆ. ಡ್ರೈವರ್ ಇದನ್ನು ಅಂಚೆಗೆ ಹಾಕಿಸುತ್ತಾನಂತೆ. ಕೆಂಪು ಚುಕ್ಕೆ ಇಲ್ಲಿಂದ ಬಹಳ ಚೆನ್ನಾಗಿ ಕಾಣುತ್ತದೆ.

ತಾತ


ಫೆಬ್ರವರಿ ೮, ರೈಲಿನಲ್ಲಿ

ತಾತ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು. ಓದುವ ಮೊದಲೇ ದಿನಾಂಕ ನೋಡಿದೆ.

ನಿಮ್ಮ ವಾರ್ಡಿಗೆ ಫೋನು ಮಾಡಿದೆ. “ಎಲ್ಲರೂ ಸುತ್ತಿನಲ್ಲಿದ್ದಾರೆ, ಆಮೇಲೆ ಮಾಡಿ,” ಎಂದಿತು ಒಂದು ದನಿ. ಮತ್ತೆ ಮಾಡಿದೆ, ಯಾರೂ ಎತ್ತಲಿಲ್ಲ. ಹೆಡ್ ನರ್ಸ್ ಅಕ್ಕ ತಮ್ಮ ಸ್ವೆಟರು ಬಿಚ್ಚಿ ನನಗೆ ಹಾಕಿ, “ರಜೆಚೀಟಿ ನಾನು ಬರೀತೀನಿ, ಹೋಗೇ,” ಎಂದು ನೂಕಿದರು. ಮೊದಲನೇ ರೈಲಿನಲ್ಲಿದ್ದೇನೆ. ಇನ್ನೊಂದು ಬದಲಿಸಬೇಕು.

ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನೀವು ನಿದ್ದೆ ಮಾಡುತ್ತಿದ್ದರೆ ಇದನ್ನು ದಿಂಬಿನ ಪಕ್ಕ ಇಟ್ಟು, ಸ್ಟೂಲು ಎಳೆದುಕೊಂಡು ಕೂರುತ್ತೇನೆ. ಅಮ್ಮನ ಪಕ್ಕದಲ್ಲಿ ಕೂತಾಗ ನನ್ನ ಕೈ ಆ ಬೆಲ್ಲಿಗೆ ಎಟುಕುತ್ತಿರಲಿಲ್ಲ. ಈಗ ಎಟುಕುತ್ತದೆ.

ಆ ಹುಡುಗಿ ಓಡಿ ಬರಲಿ. ಡ್ರೈವರ್ ನೋಡಲಿ, ವಾರ್ಡೆಲ್ಲ ನೋಡಲಿ, ಅವಳ ಗೆರೆ ಗೋಡೆ ಹತ್ತಿ ಸೂರು ಮುಟ್ಟಲಿ. ಒತ್ತುತ್ತೇನೆ. ನೀವು ಬೇಡ ಎಂದರೂ ಒತ್ತುತ್ತೇನೆ.

ಹಾಸಿಗೆ ಖಾಲಿಯಿದ್ದರೂ ಒತ್ತುತ್ತೇನೆ.